ಬಾಲ ಎಲ್ಲಿ ಹೊಲಿಯಲಿ?

ಕ್ರೋಶಾ ಕಡ್ಡಿ ಹಿಡಿದು ಮೊದಲ ಬೊಂಬೆ ಮಾಡಬೇಕು ಎನ್ನುವವರಿಗೆ ನಾನು ಬೆಕ್ಕು, ಮೊಲ ಹೇಳುವುದೇ ಇಲ್ಲ. ಡೈನೋಸಾರ್ ಮಾಡಿ ಎನ್ನುತ್ತೇನೆ. ಬೆಕ್ಕಿನ ಮುಖ ಎಲ್ಲರಿಗೂ ಗೊತ್ತು. ಕಿವಿ ಎರಡು ಸಾಲು ಕೆಳಗೆ ಇಳಿದರೆ ಅದು ನಾಯಿಮರಿಯಾಗುತ್ತದೆ, ಕಣ್ಣು ತುಸು ದೂರವಾದರೆ ಗೂಬೆಯಾಗುತ್ತದೆ. ನೋಡಿದ ಮಗುವೂ ಅದನ್ನು ಕಂಡುಹಿಡಿದುಬಿಡುತ್ತದೆ. ಡೈನೋಸಾರನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಹಕ್ಕಿಗಳ ಕವಲೊಂದನ್ನು ಬಿಟ್ಟರೆ ಆ ಕುಲ ಅಳಿದು 6.6 ಕೋಟಿ ವರ್ಷ ಆಗಿದೆ. ಹೊಸದಾಗಿ ಕಲಿಯುವ ಕೈಗೆ ಇದಕ್ಕಿಂತ ದೊಡ್ಡ ಧೈರ್ಯ ಬೇರೆ ಇಲ್ಲ.

ಕಲಿಯಬೇಕಾದ ಹೆಣಿಗೆಯೂ ಒಂದೇ. ದಾರವನ್ನು ಕುಣಿಕೆಯೊಳಗಿಂದ ಎಳೆದು, ಮತ್ತೊಮ್ಮೆ ಸುತ್ತಿ, ಎರಡನ್ನೂ ಸೇರಿಸಿ ಎಳೆದುಕೊಳ್ಳುವ ಸಿಂಗಲ್ ಕ್ರೋಶಾ. ನಮ್ಮ ಮನೆಗಳ ಹಿರಿಯ ಹೆಂಗಸರಿಗೆ ಇದು ನಿದ್ದೆಗಣ್ಣಲ್ಲೂ ಬರುವ ಕೆಲಸ. ಬಾಗಿಲಿನ ತೋರಣ, ಟೀಪಾಯಿಯ ಹೊದಿಕೆ, ಅಂಚಿಗೆ ಮಣಿ ಪೋಣಿಸಿ ಹಾಲಿನ ಪಾತ್ರೆಗೆ ಮುಚ್ಚುತ್ತಿದ್ದ ಜಾಲರಿ, ಎಲ್ಲವೂ ಈ ಕಡ್ಡಿಯಿಂದಲೇ ಬಂದವು. ಆದರೆ ಅವೆಲ್ಲ ಚಪ್ಪಟೆ. ಅದೇ ಹೆಣಿಗೆಯನ್ನು ಗುಂಡಗೆ, ಒಳಗೆ ಟೊಳ್ಳು ಉಳಿಯುವಂತೆ ಸುತ್ತಿಕೊಂಡು ಹೋಗಿ ಬೊಂಬೆ ಮಾಡುವ ಪದ್ಧತಿಯನ್ನು ಜನಪ್ರಿಯಗೊಳಿಸಿದವರು ಜಪಾನಿನವರು. ಅದನ್ನು ಅಮಿಗುರುಮಿ ಎನ್ನುತ್ತಾರೆ. ನನ್ನ ಮಡಿಲಲ್ಲಿದ್ದ ಅರೆಬರೆ ಪ್ರಾಣಿಯನ್ನು ದೊಡ್ಡಮ್ಮ ಎತ್ತಿಕೊಂಡು, ಕನ್ನಡಕ ಸರಿಮಾಡಿಕೊಂಡು, ಸಾಲುಸಾಲಾಗಿ ಬೆರಳಾಡಿಸಿ ನೋಡಿ ಹೇಳಿದ್ದು ಇಷ್ಟೆ: “ಅದೇ ಕಡ್ಡಿ, ಅದೇ ಕುಣಿಕೆ ಕಣೇ. ಪ್ರಾಣಿ ಮಾತ್ರ ಹೊಸದು.” ಮಾರನೆಯ ವಾರ ಅವರೇ ಒಂದು ಹಸಿರು ಉಂಡೆ ತರಿಸಿಕೊಂಡರು.

ಚಪ್ಪಟೆ ಹೆಣಿಗೆ ಗುಂಡಗಾಗುವ ಬಗೆ ನನಗೆ ಇವತ್ತಿಗೂ ಬೆರಗು. ದಾರದ ಒಂದು ಉಂಗುರದೊಳಗೆ ಆರು ಹೆಣಿಗೆ ಹಾಕುತ್ತೇವೆ. ಮುಂದಿನ ಸುತ್ತಿನಲ್ಲಿ ಹನ್ನೆರಡು, ಆಮೇಲೆ ಹದಿನೆಂಟು, ಇಪ್ಪತ್ತನಾಲ್ಕು. ಸುತ್ತಿಗೆ ಆರಾರು ಹೆಚ್ಚಿಸುತ್ತಾ ಹೋದರೆ ಚಪ್ಪಟೆ ತಟ್ಟೆ. ಆರೇ ಏಕೆ? ಸಿಂಗಲ್ ಕ್ರೋಶಾ ಅಗಲ ಎಷ್ಟೋ ಹೆಚ್ಚುಕಡಿಮೆ ಅಷ್ಟೇ ಎತ್ತರ. ವೃತ್ತದ ತ್ರಿಜ್ಯ ಒಂದು ಹೆಣಿಗೆಯಷ್ಟು ಬೆಳೆದರೆ ಪರಿಧಿ ಅದರ 6.28ರಷ್ಟು ಬೆಳೆಯಬೇಕು. ಶಾಲೆಯಲ್ಲಿ ಬಾಯಿಪಾಠ ಮಾಡಿದ ಎರಡು ಪೈ ಇಲ್ಲಿ ಬೆರಳಿಗೆ ಸಿಗುತ್ತದೆ. ಹೆಚ್ಚಿಸುವುದನ್ನು ನಿಲ್ಲಿಸಿದರೆ ತಟ್ಟೆಯ ಅಂಚು ಎದ್ದು ಬಟ್ಟಲಾಗುತ್ತದೆ, ಅಲ್ಲಿಂದ ಕೊಳವೆ, ಮತ್ತೆ ಆರಾರು ಕಡಿಮೆ ಮಾಡುತ್ತಾ ಬಂದರೆ ಬಾಯಿ ಮುಚ್ಚಿದ ಹೊಟ್ಟೆ. ಆರಕ್ಕಿಂತ ಹೆಚ್ಚು ಸೇರಿಸಿದರೆ ಅಂಚು ನೆರಿಗೆ ನೆರಿಗೆಯಾಗಿ ಅಲೆಯುತ್ತದೆ. ಲಾಟ್ವಿಯಾದಲ್ಲಿ ಹುಟ್ಟಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಗಣಿತಜ್ಞೆ ಡೈನಾ ತೈಮಿನಾ 1997ರಲ್ಲಿ ಈ ನೆರಿಗೆಯನ್ನೇ ಹಿಡಿದು, ಕಾಗದದಲ್ಲಿ ಬಾಳಿಕೆ ಬಾರದ ಹೈಪರ್ಬಾಲಿಕ್ ಜ್ಯಾಮಿತಿಯ ಮಾದರಿಗಳನ್ನು ಕ್ರೋಶಾದಲ್ಲಿ ಹೆಣೆದು ವಿದ್ಯಾರ್ಥಿಗಳ ಕೈಗೆ ಕೊಟ್ಟರು. ನನಗೆ ಅದೇ ನೆರಿಗೆ ಟ್ರೈಸೆರಾಟಾಪ್ಸ್‌ನ ತಲೆಯ ಹಿಂದಿನ ಕೊರಳಪಟ್ಟಿಗೆ ಬೇಕು. ಆ ವಿಷಯ ಮುಂದೆ.

ಸಾಮಾನಿನ ಬಗ್ಗೆ ಎರಡು ಮಾತು. ಅಂಗಡಿಯವರು ಎಲ್ಲವನ್ನೂ ಉಲ್ಲನ್ ಎಂದೇ ಕೊಡುತ್ತಾರೆ. ಮಕ್ಕಳ ಬೊಂಬೆಗೆ ಹತ್ತಿಯ ದಾರವೇ ಮೇಲು, ಅಷ್ಟಾಗಿ ಜೂಲು ಏಳುವುದಿಲ್ಲ, ಒಗೆದರೂ ತಡೆಯುತ್ತದೆ. ದಾರದ ಪಟ್ಟಿಯಲ್ಲಿ ಬರೆದ ಅಳತೆಗಿಂತ ಸಣ್ಣ ಕಡ್ಡಿ ಹಿಡಿಯಬೇಕು, ಇಲ್ಲದಿದ್ದರೆ ಹೆಣಿಗೆಯ ಸಂದಿನಲ್ಲಿ ಒಳಗಿನ ಬಿಳಿ ಇಣುಕುತ್ತದೆ. ದಿಂಬಿಗೆ ಚೆನ್ನಾದ ಬೂರುಗದ ಹತ್ತಿ ಇಲ್ಲಿ ಆಗದು. ನೀರು ಕಂಡರೆ ಗಂಟುಗಟ್ಟುತ್ತದೆ. ಪಾಲಿಯೆಸ್ಟರ್ ಫೈಬರ್ ತುಂಬಬೇಕು, ಅದೂ ಒಮ್ಮೆಲೇ ತುರುಕದೆ ಚೂರುಚೂರಾಗಿ ಬಿಡಿಸಿ. ಮೂರು ವರ್ಷದೊಳಗಿನ ಮಗುವಿಗಾದರೆ ಪ್ಲಾಸ್ಟಿಕ್ ಕಣ್ಣು ಬೇಡವೇ ಬೇಡ, ಕಪ್ಪು ದಾರದಲ್ಲಿ ಹೊಲಿದು ಬಿಡಿ.

ಮೊದಲನೆಯ ಮೆಟ್ಟಿಲಿಗೆ ಉದ್ದ ಕತ್ತಿನ ಡೈನೋಸಾರ್. ಒಂದು ಹೊಟ್ಟೆ, ನಾಲ್ಕು ಕೊಳವೆ ಕಾಲು, ಒಂದು ಕತ್ತು, ಒಂದು ಬಾಲ. ಕೊಂಬಿಲ್ಲ, ಕೋಡಿಲ್ಲ, ನಾಲ್ಕು ಕಾಲಿನ ಮೇಲೆ ಭದ್ರವಾಗಿ ನಿಲ್ಲುತ್ತದೆ. ಪುಸ್ತಕಗಳಲ್ಲಿ ಇದು ಹೆಚ್ಚಾಗಿ ಅಮೆರಿಕದ ಬ್ರಾಂಟೊಸಾರಸ್‌ನಂಥ ಹೆಸರಲ್ಲಿ ಇರುತ್ತದೆ. ನಾನು ಕಲಿಸುವಾಗ ಮಾತ್ರ ಬರಪಸಾರಸ್ ಎನ್ನುತ್ತೇನೆ, ಅದು ನಮ್ಮ ಗೋದಾವರಿ ಕಣಿವೆಯದು. ಸುಮಾರು 1960ರಲ್ಲಿ ಆಗಿನ ಆದಿಲಾಬಾದ್ ಜಿಲ್ಲೆಯಲ್ಲಿ ಅದರ ಮೂಳೆಗಳನ್ನು ಅಗೆದು ತೆಗೆದರು. 1975ರಲ್ಲಿ ರವೀಂದ್ರನಾಥ ಟಾಗೋರರ ಹೆಸರು ಸೇರಿಸಿ ಬರಪಸಾರಸ್ ಟಾಗೋರೈ ಎಂದು ನಾಮಕರಣ ಮಾಡಿದರು. ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಅದರ ಅಸ್ಥಿಪಂಜರ ನಿಂತಿದೆ. ತೊಡೆಯ ಮೂಳೆಯೊಂದೇ ಆಳೆತ್ತರ. ಇಷ್ಟೆಲ್ಲ ಸಿಕ್ಕರೂ ತಲೆಬುರುಡೆ ಸಿಗಲಿಲ್ಲ, ಸಿಕ್ಕಿದ್ದು ಕೆಲವು ಹಲ್ಲು ಮಾತ್ರ. ಹೊಸಬರು ಹೆಣೆದ ತಲೆ ಕೊಂಚ ಉದ್ದವಾಗಲಿ, ಕೊಂಚ ಮೊಂಡಾಗಲಿ, ಬರಪಸಾರಸ್ಸಿನ ಮುಖ ಹೀಗಿರಲಿಲ್ಲ ಎಂದು ಖಡಾಖಂಡಿತವಾಗಿ ಹೇಳಬಲ್ಲ ಮನುಷ್ಯ ಇಲ್ಲ. ಕಲಿಯುವವರ ಹೆಗಲು ಸಡಿಲವಾಗುವುದು ಈ ಮಾತು ಕೇಳಿದ ಮೇಲೆ. ಹೆಗಲು ಸಡಿಲವಾದರೆ ಕುಣಿಕೆಯೂ ಸಡಿಲವಾಗುತ್ತದೆ, ಕಡ್ಡಿ ಸಲೀಸಾಗಿ ಒಳಹೋಗುತ್ತದೆ.

ಎರಡನೆಯ ಮೆಟ್ಟಿಲು ಸ್ಟೆಗೊಸಾರಸ್. ಹೆಣಿಗೆಯ ಲೆಕ್ಕದಲ್ಲಿ ಇದರಲ್ಲಿ ಹೊಸತೇನೂ ಇಲ್ಲ. ಬೆನ್ನಿನ ಮೇಲಿನ ಫಲಕಗಳು ಪುಟ್ಟ ಪುಟ್ಟ ತ್ರಿಕೋನ, ಬಾಲದ ತುದಿಗೆ ನಾಲ್ಕು ಮುಳ್ಳು. ಎಲ್ಲವನ್ನೂ ಹೆಣೆದು ತಟ್ಟೆಯಲ್ಲಿ ಗುಡ್ಡೆ ಹಾಕಿಕೊಂಡು ಕೂತಾಗಲೇ ನಿಜವಾದ ಕೆಲಸ ಎದುರಾಗುವುದು. ಯಾವುದನ್ನು ಎಲ್ಲಿ ಹೊಲಿಯಬೇಕು? ಈ ಕಸುಬಿನ ಪುಸ್ತಕಗಳು ಸುಲಭ, ಮಧ್ಯಮ, ಕಠಿಣ ಎಂದು ಬೊಂಬೆಗಳನ್ನು ವಿಂಗಡಿಸುವುದು ಹೆಣಿಗೆಯನ್ನು ನೋಡಿ. ನಾನು ಅದನ್ನು ಒಪ್ಪುವುದಿಲ್ಲ. ಹೆಣಿಗೆ ಮೂರಕ್ಕೂ ಒಂದೇ. ಮೆಟ್ಟಿಲು ಏರಿದಂತೆ ಹೆಚ್ಚುವುದು ಜೋಡಿಸಬೇಕಾದ ತುಂಡುಗಳು, ಅವುಗಳ ಜಾಗ ಗುರುತಿಸುವ ಕಣ್ಣು.

ಈ ತೊಡಕು ವಿಜ್ಞಾನಿಗಳಿಗೂ ಇತ್ತು ಎಂದು ತಿಳಿದಂದಿನಿಂದ ಈ ಕೆಲಸದ ಮೇಲೆ ನನ್ನ ಪ್ರೀತಿ ಇನ್ನೂ ಹೆಚ್ಚಾಯಿತು. 1877ರಲ್ಲಿ ಸ್ಟೆಗೊಸಾರಸ್ಸಿಗೆ ಹೆಸರಿಟ್ಟ ಅಮೆರಿಕದ ವಿಜ್ಞಾನಿ ಮಾರ್ಷ್, ಆ ಫಲಕಗಳು ಮನೆಯ ಹೆಂಚಿನಂತೆ ಬೆನ್ನಿನ ಮೇಲೆ ಮಲಗಿದ್ದವು ಎಂದುಕೊಂಡಿದ್ದರು. ಅವು ನೆಟ್ಟಗೆ ನಿಂತಿದ್ದವು, ಅದೂ ಎರಡು ಸಾಲಿನಲ್ಲಿ, ಒಂದರ ಎದುರಿಗೆ ಒಂದು ಬಾರದಂತೆ ಹಿಂದುಮುಂದಾಗಿ, ಎಂಬುದು ಆಮೇಲೆ ಸ್ಪಷ್ಟವಾದ ಸಂಗತಿ. ಅದಕ್ಕೂ ಮೊದಲು ಇಂಗ್ಲೆಂಡಿನ ಗಿಡಿಯನ್ ಮ್ಯಾಂಟೆಲ್, ಇನ್ನೊಂದು ಡೈನೋಸಾರಾದ ಇಗ್ವಾನೊಡಾನ್‌ನ ಮೂಳೆಗಳ ರಾಶಿಯಲ್ಲಿ ಸಿಕ್ಕ ಒಂದು ಚೂಪು ಮೂಳೆಯನ್ನು ಅದರ ಮೂಗಿನ ಮೇಲೆ ಕೊಂಬಾಗಿ ಇಟ್ಟರು. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನದಲ್ಲಿ ನಿಲ್ಲಿಸಿದ ಅದರ ದೊಡ್ಡ ಪ್ರತಿಮೆಗಳಿಗೂ ಆ ಮೂಗಿನ ಕೊಂಬು ಉಂಟು, ಈಗಲೂ ಹೋದರೆ ನೋಡಬಹುದು. 1878ರಲ್ಲಿ ಬೆಲ್ಜಿಯಮ್ಮಿನ ಬೆರ್ನಿಸಾರ್ ಎಂಬ ಊರಿನ ಕಲ್ಲಿದ್ದಲ ಗಣಿಯೊಳಗೆ ಇಡೀ ಇಡೀ ಅಸ್ಥಿಪಂಜರಗಳು ಸಿಕ್ಕ ಮೇಲೆ ಅದು ಕೈಯ ಹೆಬ್ಬೆರಳು ಎಂದು ಖಚಿತವಾಯಿತು. ನಾನು ಪಿನ್ನು ಚುಚ್ಚಿಕೊಂಡು ಫಲಕವನ್ನು ಎರಡು ಹೆಣಿಗೆ ಮುಂದೆ, ಒಂದು ಹೆಣಿಗೆ ಹಿಂದೆ ಸರಿಸಿ, ಬೊಂಬೆಯನ್ನು ಕೈ ಚಾಚಿದಷ್ಟು ದೂರ ಹಿಡಿದು ನೋಡುವಾಗ ಈ ಹಿರಿಯರೆಲ್ಲ ಪಕ್ಕದಲ್ಲೇ ಕೂತಂತೆ ಅನಿಸುತ್ತದೆ.

ಜೋಡಿಸುವ ಕೆಲಸಕ್ಕೆ ನಾನು ಬೆಳಗಿನ ಹೊತ್ತನ್ನೇ ಇಟ್ಟುಕೊಳ್ಳುತ್ತೇನೆ. ಹೆಣೆಯುವುದಾದರೆ ಬಸ್ಸಿನಲ್ಲೂ ಆಗುತ್ತದೆ, ಮಾತಾಡುತ್ತಲೂ ಆಗುತ್ತದೆ. ಹೊಲಿಯಲು ಕಿಟಕಿಯ ಬೆಳಕು ಬೇಕು. ಕಾಲಿನ ಬಾಯಿಯನ್ನು ಹೊಟ್ಟೆಗೆ ಆನಿಸಿ, ಅತ್ತಣ ಒಂದು ಕುಣಿಕೆ, ಇತ್ತಣ ಒಂದು ಕುಣಿಕೆ ಎತ್ತುತ್ತಾ ಸುತ್ತ ಬಂದು, ಮುಚ್ಚುವ ಮುಂಚೆ ಇನ್ನೊಂದು ಚಿಟಿಕೆ ಫೈಬರ್ ತುರುಕಿ, ದಾರವನ್ನು ಜಗ್ಗಿದಾಗ ಸಂದು ಮಾಯವಾಗಿ ಕಾಲು ಹೊಟ್ಟೆಯಿಂದಲೇ ಬೆಳೆದುಬಂದಂತೆ ಕಾಣುತ್ತದಲ್ಲ, ಆ ಗಳಿಗೆಗಾಗಿಯೇ ನಾನು ಇಷ್ಟು ಸುತ್ತು ಹೆಣೆಯುತ್ತೇನೆ ಎಂದರೂ ತಪ್ಪಲ್ಲ. ತುಂಡುಗಳು ಅಲ್ಲಿಯವರೆಗೆ ತುಂಡುಗಳು. ಆಮೇಲೆ ಅದಕ್ಕೊಂದು ನಡಿಗೆ ಬರುತ್ತದೆ, ಮುಖ ಯಾವ ಕಡೆ ತಿರುಗಿದೆ ಎಂದು ಗೊತ್ತಾಗುತ್ತದೆ.

ಟಿ. ರೆಕ್ಸ್ ಮೂರನೆಯ ಮೆಟ್ಟಿಲು. ಎರಡು ಕಾಲಿನ ಮೇಲೆ ನಿಲ್ಲಬೇಕು, ದಪ್ಪ ತಲೆ ಮುಂದಕ್ಕೆ ಜಗ್ಗುತ್ತದೆ. ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯವರು 1915ರಲ್ಲಿ ಅದರ ಅಸ್ಥಿಪಂಜರ ನಿಲ್ಲಿಸಿದಾಗ ಮೈ ನೆಟ್ಟಗೆ ಎದ್ದು, ಬಾಲ ನೆಲಕ್ಕೆ ಊರಿತ್ತು. ಬದುಕಿದ್ದ ಟಿ. ರೆಕ್ಸ್‌ನ ಬಾಲ ನೆಲ ಮುಟ್ಟುತ್ತಿರಲಿಲ್ಲ, ತಲೆಯ ಭಾರಕ್ಕೆ ಸರಿದೂಗುವಂತೆ ಹಿಂದಕ್ಕೆ ಚಾಚಿಕೊಂಡಿತ್ತು ಎಂದು ಮುಂದೆ ತಿಳಿದು 1990ರ ದಶಕದಲ್ಲಿ ಅದನ್ನು ಬಿಚ್ಚಿ ಮತ್ತೆ ಜೋಡಿಸಿದರು. ದಾರದ ಟಿ. ರೆಕ್ಸ್‌ಗೆ ಎರಡು ದಾರಿಯೂ ಉಂಟು. ಹಳೆಯ ಭಂಗಿಯಲ್ಲಿ ಬಾಲವೇ ಮೂರನೆಯ ಕಾಲಾಗುವುದರಿಂದ ನಿಲ್ಲಿಸುವುದು ಸುಲಭ. ಹೊಸ ಭಂಗಿಗೆ ಬಾಲದ ಬುಡ ದಪ್ಪವಾಗಿರಬೇಕು, ಬಟ್ಟೆಯ ಪುಟ್ಟ ಚೀಲದಲ್ಲಿ ಗಾಜಿನ ಮಣಿ ಹೊಲಿದು ಬಾಲದೊಳಗೆ ಇಡಬೇಕು. ಹುಣಸೆಬೀಜ ಹಾಕುವವರೂ ಇದ್ದಾರೆ, ಒಗೆದರೆ ಉಬ್ಬುತ್ತದೆ, ಬೇಡ. ನನಗಿಷ್ಟ ಹೊಸ ಭಂಗಿಯೇ. ಮುಂಗೈ ಹೊಲಿಯುವಾಗ ಪಕ್ಕದ ಮನೆಯ ಹುಡುಗ ಕಾವಲು ನಿಲ್ಲುತ್ತಾನೆ. “ಆಂಟಿ, ಎರಡೇ ಬೆರಳು. ಮೂರು ಹಾಕಿದ್ರೆ ಅದು ಟಿ. ರೆಕ್ಸ್ ಅಲ್ಲ.” ಅವನ ಮಾತು ಸರಿ.

ಟ್ರೈಸೆರಾಟಾಪ್ಸ್‌ನ ಕೊರಳಪಟ್ಟಿಗೆ ಮೊದಲು ಹೇಳಿದ ಲೆಕ್ಕವೇ. ಸುತ್ತಿಗೆ ಆರಕ್ಕಿಂತ ತುಸು ಹೆಚ್ಚಿಸಿದರೆ ಅಂಚು ಹದವಾಗಿ ಅಲೆಯುತ್ತದೆ, ತೀರ ಹೆಚ್ಚಿಸಿದರೆ ಲಂಗದ ನೆರಿಗೆಯಾಗುತ್ತದೆ. ಅಂಕೈಲೋಸಾರಸ್ಸಿನ ಬೆನ್ನಿನ ಗುಬುಟುಗಳಿಗೆ ಒಂದೇ ಕುಣಿಕೆಯಲ್ಲಿ ಐದು ಉದ್ದ ಹೆಣಿಗೆ ಕೂಡಿಸಿ ಎಬ್ಬಿಸುವ ಬಾಬಲ್ ಬೇಕು, ಅಷ್ಟೆ.

ಬಣ್ಣದ ಮಾತಿಗೆ ಬಂದರೆ, ಬಹುಪಾಲು ಡೈನೋಸಾರ್‌ಗಳ ಬಣ್ಣ ತಿಳಿದಿಲ್ಲವಾದ್ದರಿಂದ ಮನಸ್ಸಿಗೆ ಬಂದದ್ದು ಹಚ್ಚಬಹುದು. ಸೈನೊಸಾರೊಪ್ಟೆರಿಕ್ಸ್ ಇದಕ್ಕೆ ಹೊರತು. ಚೀನಾದ ಲಿಯಾವ್‌ನಿಂಗ್ ಪ್ರಾಂತ್ಯದಲ್ಲಿ ಸಿಕ್ಕ, ಮೈತುಂಬ ನಯವಾದ ತುಪ್ಪಳವಿದ್ದ ಈ ಪುಟ್ಟ ಪ್ರಾಣಿಯ ಬಾಲದಲ್ಲಿ ವರ್ಣಕಣಗಳ ಗುರುತು ಉಳಿದಿತ್ತು. 2010ರಲ್ಲಿ ಅದನ್ನು ಓದಿದ ವಿಜ್ಞಾನಿಗಳು ಆ ಬಾಲ ಕೆಂಗಂದು ಮತ್ತು ತಿಳಿಬಣ್ಣದ ಪಟ್ಟೆಗಳದ್ದು ಎಂದರು. ಇಟ್ಟಿಗೆ ಬಣ್ಣದ ದಾರ ನಾಲ್ಕು ಸುತ್ತು, ಕೆನೆ ಬಣ್ಣದ್ದು ಮೂರು ಸುತ್ತು. ಬಣ್ಣ ಬದಲಿಸುವಾಗ ಹಳೆಯ ದಾರದ ಕೊನೆಯ ಕುಣಿಕೆಯನ್ನು ಹೊಸ ದಾರದಲ್ಲಿ ಮುಗಿಸಬೇಕು, ಆಗ ಪಟ್ಟೆ ಶುದ್ಧವಾಗಿ ಬರುತ್ತದೆ. ನಾನು ಹೆಣೆದವುಗಳಲ್ಲೆಲ್ಲ ನಿಜದ ಬಣ್ಣ ಇರುವುದು ಇದೊಂದಕ್ಕೇ, ಅದಕ್ಕೇ ಇದರ ಮೇಲೆ ವಿಶೇಷ ಅಕ್ಕರೆ.

ಕರ್ನಾಟಕದ ಹೆಸರಲ್ಲೊಂದು ಡೈನೋಸಾರ್ ಹೆಣೆಯೋಣವೆಂದರೆ ನಮ್ಮ ಬಹುಪಾಲು ಕಲ್ಲುಗಳು ಒಪ್ಪುವುದಿಲ್ಲ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ, ಡೈನೋಸಾರ್‌ಗಳು ಬಂದದ್ದೇ ಸುಮಾರು 23 ಕೋಟಿ ವರ್ಷದ ಹಿಂದೆ. ಹಾಗಾಗಿ ನಾನು ಗುಜರಾತಿನ ರಾಹಿಯೋಲಿಗೆ ಹೋಗುತ್ತೇನೆ, ದಾರದ ಮೂಲಕ. ಅಲ್ಲಿ 1980ರ ದಶಕದಲ್ಲಿ ಸಿಕ್ಕ ಮೂಳೆಗಳಿಂದ ಗುರುತಿಸಿದ ರಾಜಸಾರಸ್ ನರ್ಮದೆನ್ಸಿಸ್‌ಗೆ 2003ರಲ್ಲಿ ಹೆಸರು ಬಂತು. ಅದರ ಸಿದ್ಧ ನಮೂನೆ ನನಗೆ ಎಲ್ಲೂ ಸಿಗಲಿಲ್ಲ. ಟಿ. ರೆಕ್ಸ್‌ನ ಮೈಯನ್ನೇ ತೆಗೆದುಕೊಂಡು, ಕಾಲು ಗಿಡ್ಡ ಮತ್ತು ದಪ್ಪ ಮಾಡಿ, ತಲೆಯ ಮೇಲೆ ಒಂದು ಮೊಂಡು ಕೊಂಬು ಎಬ್ಬಿಸಿ, ಅದರ ನಂಟರ ಕೈಗಳಂತೆ ಕೈಯನ್ನು ಇನ್ನೂ ಚಿಕ್ಕದಾಗಿಸಿ, ಸುತ್ತು ಸುತ್ತಿನ ಲೆಕ್ಕವನ್ನು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಕೇಳಿದವರಿಗೆಲ್ಲ ಬರೆದು ಕೊಡುತ್ತೇನೆ. ನಮ್ಮ ಮಕ್ಕಳ ಮಂಚದ ಮೇಲೆ ಟಿ. ರೆಕ್ಸ್‌ನ ಪಕ್ಕದಲ್ಲಿ ನರ್ಮದೆಯ ರಾಜನೂ ಇರಬೇಕು ಎಂಬುದು ನನ್ನ ಆಸೆ.

ಈಚೆಗೆ ಸಂತೆಗಳಲ್ಲಿ, ಮೇಳಗಳಲ್ಲಿ ಕ್ರೋಶಾ ಬೊಂಬೆಗಳ ಮಳಿಗೆಗಳು ಹೆಚ್ಚಿವೆ. ಕೂತು ಮಾರುವವರು ಹೆಚ್ಚಾಗಿ ಹೆಂಗಸರು, ಹೆಣೆದವರೂ ಅವರೇ. ಸ್ವೆಟರ್ ಹೆಣೆಯಲು ಕಾರ್ಖಾನೆಯಲ್ಲಿ ಯಂತ್ರ ಇದೆ, ಇಂಥ ಬೊಂಬೆ ಹೆಣೆಯುವ ಯಂತ್ರ ಅಲ್ಲಿಲ್ಲ. ನೀವು ಕೈಗೆತ್ತಿಕೊಂಡ ಡೈನೋಸಾರನ್ನು ಯಾರೋ ಒಬ್ಬರು ಕುಣಿಕೆ ಕುಣಿಕೆಯಾಗಿ ಎಣಿಸಿದ್ದಾರೆ. ಬೆಲೆ ಕೇಳಿ ಕೆಳಗಿಡುವ ಮೊದಲು ಅದನ್ನು ಬೋರಲು ಹಾಕಿ, ಬಾಲವೂ ಕಾಲೂ ಹೊಟ್ಟೆಗೆ ಸೇರಿದ ಜಾಗ ನೋಡಿ. ಅಲ್ಲಿ ಹೊಲಿಗೆ ಕಾಣದಿದ್ದರೆ, ದಯವಿಟ್ಟು ಚೌಕಾಸಿ ಮಾಡದೆ ಕೇಳಿದಷ್ಟು ಕೊಡಿ.