ಆಟದ ನೋಟೀಸು, ಆಗ ಮತ್ತು ಈಗ

ನಮ್ಮ ಕಾಸರಗೋಡಿನ ಕಡೆ ಪೋಸ್ಟರ್ ಎಂದರೆ ಮೊದಲು ನೆನಪಾಗುವುದು ಯಕ್ಷಗಾನ ಆಟದ ನೋಟೀಸು. ಕುಂಬ್ಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಎಪ್ಪತ್ತು ಎಂಬತ್ತರ ದಶಕದಲ್ಲಿ ಬೆಳೆದವರಿಗೆ ಆ ತೆಳು ಗುಲಾಬಿ, ಹಳದಿ, ತಿಳಿಹಸಿರು ಹಾಳೆಗಳು ಗೊತ್ತು. ಡೇರೆ ಮೇಳ ಬರುವ ದಿನ ಮೈಕು ಕಟ್ಟಿದ ಜೀಪು ಪೇಟೆ ಸುತ್ತುತ್ತಿತ್ತು. ಒಳಗಿದ್ದವರು ನೋಟೀಸು ಎಸೆಯುತ್ತಿದ್ದರು, ಮಕ್ಕಳು ಹಿಂದೆ ಓಡುತ್ತಿದ್ದೆವು. ಮನೆಯಲ್ಲಿ ಹಿರಿಯರು ಅದನ್ನು ಓದುವುದಕ್ಕೂ ಒಂದು ಕ್ರಮವಿತ್ತು: ಯಾವ ಮೇಳ, ಯಾವ ಪ್ರಸಂಗ, ಭಾಗವತರು ಯಾರು, ಶೇಣಿ ಇದ್ದಾರೋ ಇಲ್ಲವೋ. ಶೇಣಿ ಗೋಪಾಲಕೃಷ್ಣ ಭಟ್ಟರ ಹೆಸರು ಕಂಡರೆ ಉಳಿದದ್ದನ್ನು ಓದದೆಯೇ ಹೊರಡುವವರಿದ್ದರು. ನೆಲಕ್ಕೆ ಎಷ್ಟು, ಕುರ್ಚಿಗೆ ಎಷ್ಟು ಎಂಬುದು ಆಮೇಲಿನ ಮಾತು.

ಆ ನೋಟೀಸು ತಯಾರಾಗುವುದನ್ನು ನಾನು ನೋಡಿದ್ದು ಪೇಟೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ. ಅಚ್ಚಿನ ಮೊಳೆ ಜೋಡಿಸುವವರು ಇಡೀ ದಿನ ನಿಂತೇ ಇರುತ್ತಿದ್ದರು. ಎದುರಿಗೆ ಇಳಿಜಾರಾಗಿ ಇಟ್ಟ ಮರದ ಕೇಸು, ಅದರ ತುಂಬ ಪುಟ್ಟ ಖಾನೆಗಳು. ಕನ್ನಡಕ್ಕೆ ಇಂಗ್ಲಿಷಿನಷ್ಟು ಖಾನೆ ಸಾಲದು. ಮೂಲಾಕ್ಷರ, ಕಾಗುಣಿತ, ಒತ್ತಕ್ಷರ, ಅರ್ಕಾವೊತ್ತು ಎಲ್ಲಕ್ಕೂ ಬೇರೆ ಬೇರೆ ಜಾಗ ಬೇಕು. ಅವರ ಕೈ ಖಾನೆಯಿಂದ ಖಾನೆಗೆ ಹೋಗುತ್ತಿತ್ತು, ಕಣ್ಣು ಮಾತ್ರ ಹಸ್ತಪ್ರತಿಯ ಮೇಲೆಯೇ. ಮೊಳೆ ಜೋಡಿಸುವ ಸ್ಟಿಕ್ಕಿನಲ್ಲಿ ಅಕ್ಷರಗಳು ತಿರುಗಿಸಿಟ್ಟಂತೆ ಕಾಣುತ್ತಿದ್ದವು, ಅವರಿಗೆ ಅದೇ ನೇರ. ಸಾಲು ತುಂಬಿದರೆ ಗ್ಯಾಲಿಗೆ ಇಳಿಸಿ, ದಾರ ಸುತ್ತಿ, ಒಂದು ಪ್ರೂಫ್ ತೆಗೆದು ಕೊಡುತ್ತಿದ್ದರು. ಅಚ್ಚಾದ ಮೇಲೆ ಮೊಳೆಗಳನ್ನೆಲ್ಲ ಬಿಚ್ಚಿ ಮತ್ತೆ ಖಾನೆಗಳಿಗೆ ಹಂಚಬೇಕು.

ಪ್ರೆಸ್ಸಿನಲ್ಲಿದ್ದ ದೊಡ್ಡ ಅಕ್ಷರಗಳು ಒಂದೆರಡು ಅಳತೆಯವು ಮಾತ್ರ. ಅತಿ ದೊಡ್ಡದು ಮೇಳದ ಹೆಸರಿಗೆ, ಅದರ ನಂತರದ್ದು ಪ್ರಸಂಗಕ್ಕೆ, ಉಳಿದದ್ದೆಲ್ಲ ಸಾಮಾನ್ಯ ಅಳತೆಯಲ್ಲಿ. ಚಿತ್ರ ಬೇಕೆಂದರೆ ಮಂಗಳೂರಿನಿಂದ ಬ್ಲಾಕ್ ಮಾಡಿಸಿ ತರಬೇಕು. ಅದಕ್ಕೆ ದುಡ್ಡು ಜಾಸ್ತಿ. ಹಾಗಾಗಿ ಪ್ರೆಸ್ಸಿನಲ್ಲಿದ್ದ ಒಂದೇ ಕಿರೀಟವೇಷದ ಬ್ಲಾಕು ಎಲ್ಲ ಆಟಕ್ಕೂ ಬಳಕೆಯಾಗುತ್ತಿತ್ತು. ದೇವೇಂದ್ರನೂ ಅದೇ, ಅರ್ಜುನನೂ ಅದೇ.

ಅದನ್ನು ಒಳ್ಳೆಯ ಕಾಲ ಎಂದು ಹೊಗಳಲು ನನಗೆ ಮನಸ್ಸಿಲ್ಲ. ಅಳತೆ ಕಡಿಮೆ ಇದ್ದುದರಿಂದ ನೋಟೀಸು ಅಚ್ಚುಕಟ್ಟಾಗಿತ್ತು ಎಂಬುದು ನಿಜ. ಸವೆದ ಮೊಳೆ, ಅಂಟಿದ ಮಸಿ, ಸಾಲದ ಅಕ್ಷರಕ್ಕೆ ಬದಲು ಇನ್ನೊಂದು ಅಳತೆಯ ಅಕ್ಷರ, ತಪ್ಪಾಗಿ ಅಚ್ಚಾದ ಕಲಾವಿದರ ಹೆಸರು, ಇವೂ ಅಷ್ಟೇ ನಿಜ. ಮೊಳೆ ಜೋಡಿಸಿದವರು ಸೀಸದ ಧೂಳಿನಲ್ಲಿ ಆಯುಷ್ಯ ಕಳೆದರು, ಕೂಲಿ ಕಡಿಮೆ, ಹೆಸರಂತೂ ಎಲ್ಲಿಯೂ ಇಲ್ಲ.

ಆಮೇಲೆ ಡಿಟಿಪಿ ಬಂತು. 1998ರಲ್ಲಿ ಬರಹ, ಅದರ ಹಿಂದೆಯೇ ನುಡಿ ಎಂಬ ಕನ್ನಡ ತಂತ್ರಾಂಶಗಳು. ಕೋರೆಲ್ ಡ್ರಾ ಕಲಿತ ಯಾರು ಬೇಕಾದರೂ ಪೋಸ್ಟರ್ ಮಾಡುವಂತಾಯಿತು. ನಂತರ ಫ್ಲೆಕ್ಸ್. ಅಳತೆಯ ಮಿತಿ ಹೋಯಿತು, ಬಣ್ಣದ ಮಿತಿ ಹೋಯಿತು, ಮುಖಗಳ ಮಿತಿಯೂ ಹೋಯಿತು. ಅಧ್ಯಕ್ಷರು, ಉದ್ಘಾಟಕರು, ಪ್ರಾಯೋಜಕರು ಎಲ್ಲರ ಫೋಟೋ ತುಂಬಿದ ಮೇಲೆ ಪ್ರಸಂಗದ ಹೆಸರಿಗೆ ಒಂದು ಮೂಲೆ ಉಳಿಯಿತು. 2019ರಲ್ಲಿ ಕೇರಳ ಸರಕಾರ ಪಿವಿಸಿ ಫ್ಲೆಕ್ಸನ್ನು ನಿಷೇಧಿಸಿದಾಗ ಬಟ್ಟೆಯ ಬ್ಯಾನರು ಮರಳಿತು. ಆ ಹೊತ್ತಿಗೆ ಆಟದ ಸುದ್ದಿ ಹೆಚ್ಚಾಗಿ ವಾಟ್ಸಾಪಿಗೆ ಹೋಗಿಯಾಗಿತ್ತು. ರಾತ್ರಿ ಒಂಬತ್ತೂವರೆಗೆ ಶುರುವಾಗಿ ಬೆಳಗಿನವರೆಗೆ ನಡೆಯುತ್ತಿದ್ದ ಆಟ ಹಲವು ಕಡೆ ಕಾಲಮಿತಿಗೆ ಇಳಿದಿರುವುದರಿಂದ, ಈಗ ಎಷ್ಟು ಗಂಟೆಗೆ ಎಂಬುದನ್ನೂ ದೊಡ್ಡದಾಗಿ ಹಾಕಲೇಬೇಕು.

ನನ್ನ ತಂಗಿಯ ಮಗಳು ಈಗ ಗ್ರಾಫಿಕ್ ಡಿಸೈನ್ ಓದುತ್ತಿದ್ದಾಳೆ. ಅವಳು ಕೆಲಸ ಮಾಡುವ ರೀತಿ ನೋಡಿದ ಮೇಲೆ ಈ ವಿಷಯ ಬರೆಯಬೇಕೆನಿಸಿತು. ಕಂಪ್ಯೂಟರ್ ತೆರೆಯುವುದು ಕೊನೆಗೆ. ಮೊದಲು ಒಂದು ಹಾಳೆಯಲ್ಲಿ ಹೇಳಬೇಕಾದುದನ್ನೆಲ್ಲ ಬರೆದು, ಯಾವುದು ಇಲ್ಲದಿದ್ದರೂ ನಡೆಯುತ್ತದೆ ಎಂದು ಒಂದೊಂದಾಗಿ ಹೊಡೆದುಹಾಕುತ್ತಾಳೆ. ಆಮೇಲೆ ಬೆಂಕಿಪೆಟ್ಟಿಗೆಯಷ್ಟು ಸಣ್ಣ ಚೌಕಗಳಲ್ಲಿ ಪೆನ್ಸಿಲಿನ ಕರಡುಗಳು. ಆಯ್ದುಕೊಂಡದ್ದನ್ನು ಕಪ್ಪು ಬಿಳುಪಿನಲ್ಲಿ ಮುದ್ರಿಸಿ ಗೋಡೆಗೆ ಅಂಟಿಸಿ, ನನ್ನನ್ನು ಅಂಗಳದ ಆಚೆ ನಿಲ್ಲಿಸುತ್ತಾಳೆ.

“ಮಾವಾ, ಕಣ್ಣಿಗೆ ಮೊದಲು ಬಿದ್ದದ್ದು ಯಾವುದು? ಆಲೋಚನೆ ಮಾಡದೆ ಹೇಳಿ.”

ಕಪ್ಪು ಬಿಳುಪಿನಲ್ಲಿ ನಿಲ್ಲದ್ದು ಬಣ್ಣ ಹಾಕಿದರೂ ನಿಲ್ಲುವುದಿಲ್ಲ ಎಂಬುದು ಅವಳ ಲೆಕ್ಕ. ಕಾಲೇಜಿನ ಬ್ರಾಂಡ್ ಕೆಲಸಕ್ಕೆ ಅವಳು ಆರಿಸಿಕೊಂಡದ್ದು ಕಾಸರಗೋಡು ಸೀರೆ, ಭೌಗೋಳಿಕ ಸೂಚಕ ಮಾನ್ಯತೆ ಇರುವ ನಮ್ಮ ಹತ್ತಿಯ ಕೈಮಗ್ಗದ ಸೀರೆ. ಲೋಗೋ ಬರೆಯುವ ಮೊದಲು ಮಗ್ಗದ ಎದುರು ಕುಳಿತು ಗೆರೆ, ಚೌಕುಳಿಗಳ ಲೆಕ್ಕವನ್ನು ಬರೆದುಕೊಂಡು ಬಂದಳು. ಗುರುತು ಸೀರೆಯ ಒಳಗಿಂದಲೇ ಬರಬೇಕು, ಹೊರಗಿಂದ ತಂದು ಅಂಟಿಸಬಾರದು ಎನ್ನುತ್ತಾಳೆ. ಆ ಮಾತು ಸರಿ.

ಅವಳಿಗೆ ಹೆಚ್ಚು ಹೊತ್ತು ಹಿಡಿಯುವುದು ಎರಡು ಲಿಪಿಯ ಕೆಲಸ. ಕಾಸರಗೋಡಿನಲ್ಲಿ ಕನ್ನಡ ಒಂಟಿಯಾಗಿ ನಿಲ್ಲುವುದು ಅಪರೂಪ, ಪಕ್ಕದಲ್ಲಿ ಮಲಯಾಳ ಇದ್ದೇ ಇರುತ್ತದೆ. 1971ರ ಲಿಪಿ ಸುಧಾರಣೆಯಲ್ಲಿ ಮಲಯಾಳದ ಎಷ್ಟೋ ಕೂಡಕ್ಷರಗಳನ್ನು ಬಿಡಿಸಿ ಒಂದೇ ಸಾಲಿಗೆ ತಂದರು. ಕನ್ನಡದಲ್ಲಿ ಒತ್ತು ಸಾಲಿನ ಕೆಳಗೇ ಇಳಿಯುತ್ತದೆ. ನಮ್ಮ ಊರುಗಳ ಹೆಸರನ್ನೇ ನೋಡಿ: ಕುಂಬ್ಳೆ, ಬದಿಯಡ್ಕ, ಉಪ್ಪಳ, ಮುಳ್ಳೇರಿಯ. ಒತ್ತು ಇರುವ ಊರುಗಳೇ ಹಲವು. ಮಲಯಾಳಕ್ಕೆ ಕೊಟ್ಟಷ್ಟೇ ಸಾಲಿನ ಅಂತರವನ್ನು ಕನ್ನಡಕ್ಕೂ ಕೊಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ತಾಗಬಾರದೆಂದು ಅಕ್ಷರವನ್ನೇ ಸಣ್ಣದು ಮಾಡುವುದು ಸುಲಭದ ದಾರಿ. ಎಷ್ಟೋ ಬೋರ್ಡುಗಳಲ್ಲಿ ಕನ್ನಡ ಸೊರಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಸಾಫ್ಟ್‌ವೇರಿನದ್ದು ಬೇರೆ ತೊಂದರೆ. ಭಾರತೀಯ ಲಿಪಿಗಳ ಆಯ್ಕೆಯನ್ನು ಬದಲಿಸದೆ ಯೂನಿಕೋಡ್ ಕನ್ನಡ ಅಂಟಿಸಿದರೆ ಕೆಲವು ಡಿಸೈನ್ ತಂತ್ರಾಂಶಗಳಲ್ಲಿ ಒತ್ತು ಬಿಚ್ಚಿಕೊಂಡು ಪಕ್ಕಕ್ಕೆ ಬಂದು ಕೂರುತ್ತದೆ. ಕನ್ನಡ ಓದಲು ಬಾರದ ಕೈಯಲ್ಲಿ ಕೆಲಸವಿದ್ದರೆ ಅದು ಹಾಗೆಯೇ ಅಚ್ಚಾಗುತ್ತದೆ. ಹಳೆಯ ಪ್ರೆಸ್ಸಿನ ತಪ್ಪು ನೂರು ಹಾಳೆಯಲ್ಲಿ ಮುಗಿಯುತ್ತಿತ್ತು, ಈಗಿನದ್ದು ಅರ್ಧ ಗಂಟೆಯಲ್ಲಿ ಗಲ್ಫಿಗೂ ತಲುಪುತ್ತದೆ.

ಆದರೆ ಇಂದು ಅವಳ ಕೈಯಲ್ಲಿರುವ ಅನುಕೂಲ ಆ ಪ್ರೆಸ್ಸಿನವರಿಗೆ ಕನಸಿನಲ್ಲೂ ಇರಲಿಲ್ಲ. ಮುಂಬೈಯ ಏಕ್ ಟೈಪ್‌ನವರ ಬಾಲೂ ಎಂಬ ಅಕ್ಷರಕುಟುಂಬದಲ್ಲಿ ಕನ್ನಡದ್ದು ಬಾಲೂ ತಮ್ಮ, ಮಲಯಾಳದ್ದು ಬಾಲೂ ಚೇಟ್ಟನ್. ಅವರದೇ ಅನೇಕ್‌ನಲ್ಲಿ ಹತ್ತು ಲಿಪಿಗಳಿವೆ, ಕನ್ನಡವೂ ಮಲಯಾಳವೂ ಒಂದೇ ದಪ್ಪ, ಒಂದೇ ಅಗಲದಲ್ಲಿ ಸಿಗುತ್ತವೆ. ಎರಡೂ ಉಚಿತ. ಒಂದೇ ಪೋಸ್ಟರಿನಲ್ಲಿ ಎರಡು ಭಾಷೆಯನ್ನು ಸಮಾನವಾಗಿ ನಿಲ್ಲಿಸಲು ಇಂಥ ಅಕ್ಷರಗಳೇ ಬೇಕು. ಗಡಿನಾಡಿನಲ್ಲಿ ಇದು ಬರೀ ಅಲಂಕಾರದ ವಿಷಯವಲ್ಲ.

ಆಟ ಆಡಿಸುವವರಿಗೆ, ಜಾತ್ರೆ, ಬ್ರಹ್ಮಕಲಶ, ಶಾಲೋತ್ಸವದ ಸಮಿತಿಯವರಿಗೆ ನನ್ನ ಕೋರಿಕೆ ಇಷ್ಟು. ನಮ್ಮೂರಿನಲ್ಲಿ ಈ ಕೆಲಸ ಕಲಿತ ಮಕ್ಕಳು ಇದ್ದಾರೆ. ಪೋಸ್ಟರ್ ಅವರಿಗೆ ಕೊಡಿ, ಒಂದು ವಾರ ಮೊದಲೇ ಕೊಡಿ, ಸಂಭಾವನೆ ಕೊಡಿ. ಕನ್ನಡವನ್ನು ಮೊದಲು ಕೂರಿಸಲು ಹೇಳಿ. ವಾಟ್ಸಾಪ್ ಗುಂಪಿಗೆ ಕಳುಹಿಸುವ ಮೊದಲು ಕನ್ನಡ ಬಲ್ಲ ಒಬ್ಬರಿಂದ ಪ್ರೂಫ್ ಓದಿಸಿ.