ಎಷ್ಟು ವಾಟ್ ಬೇಕು ನನಗೆ?

ನನ್ನ ಬಳಿ ಒಂದು ಜೊತೆ ಸಣ್ಣ ಸ್ಪೀಕರುಗಳಿವೆ. ಪುಸ್ತಕದ ಕಪಾಟಿನಲ್ಲಿ ಕೂರುವಂಥವು; ಹಿಂದೆ ಅಂಟಿಸಿರುವ ಚೀಟಿಯಲ್ಲಿ 8 ಓಮ್, 86 ಡೆಸಿಬೆಲ್ ಎಂದಿದೆ. ಇವಕ್ಕೊಂದು ಆಂಪ್ಲಿಫೈಯರ್ ಬೇಕು. ಕೈಲಿರುವುದು ಹತ್ತು ಸಾವಿರ, ಮನಸ್ಸು ಗಟ್ಟಿ ಮಾಡಿದರೆ ಇನ್ನೈದು. ಇಷ್ಟಕ್ಕೆ ಏನು ಕೊಳ್ಳಬಹುದು ಎನ್ನುವುದಕ್ಕೆ ಉತ್ತರ ಸುಲಭ. ಉತ್ತರ ಸಿಕ್ಕಿದ ಮೇಲೂ ನಾನು ಹುಡುಕುತ್ತಲೇ ಇರುವುದೇಕೆ ಎನ್ನುವುದು ಕಷ್ಟದ್ದು.

ಸುಲಭದ್ದನ್ನು ಮೊದಲು ಮುಗಿಸುತ್ತೇನೆ. 86 ಡೆಸಿಬೆಲ್ ಎಂದರೆ, ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು. ಬಂಗಾರಪೇಟೆಯ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ ಸ್ಪೀಕರಿಗೂ ಕುರ್ಚಿಗೂ ಎರಡು ಮೀಟರ್. ದೂರ ಇಮ್ಮಡಿಯಾದರೆ ಬಯಲಿನಲ್ಲಿ 6 ಡೆಸಿಬೆಲ್ ಇಳಿಯುತ್ತದೆ, ಗೋಡೆಗಳಿರುವ ಕೋಣೆಯಲ್ಲಿ ಅಷ್ಟು ಇಳಿಯುವುದಿಲ್ಲ, ಎರಡನೆಯ ಸ್ಪೀಕರು ಒಂದಿಷ್ಟನ್ನು ತುಂಬಿಕೊಡುತ್ತದೆ. ಅಂದರೆ ಒಂದೊಂದಕ್ಕೆ ಒಂದೇ ವಾಟ್ ಕೊಟ್ಟರೂ ಕುರ್ಚಿಯಲ್ಲಿ ಕೂತವನ ಕಿವಿಗೆ 80 ಡೆಸಿಬೆಲ್ ದಾಟುತ್ತದೆ. ನಾವು ಆಡುವ ಮಾಮೂಲಿ ಮಾತು 60ರ ಆಸುಪಾಸು. ಮೃದಂಗದ ಏಟು, ತಮಟೆಯ ಪೆಟ್ಟು ಇಂಥವು ಕ್ಷಣಮಾತ್ರ ಹತ್ತು ಪಟ್ಟು ಶಕ್ತಿ ಕೇಳುತ್ತವೆ. ಅದಕ್ಕೆ ಹತ್ತು ವಾಟ್ ಇಡೋಣ. ಧಾರಾಳವಾಗಿ ಇಪ್ಪತ್ತು, ಮೂವತ್ತು. ಅದಕ್ಕಿಂತ ಮೇಲೆ ಹೋದಂತೆ ದುಡ್ಡು ಏರುವಷ್ಟು ಸದ್ದು ಏರುವುದಿಲ್ಲ. 50 ವಾಟ್ ಬಿಟ್ಟು 100 ತಂದರೆ ಹೆಚ್ಚುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟಾಗಬೇಕು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನನ್ನ ದುಡ್ಡಿಗೆ ಮೂರು ದಾರಿ ಕಾಣಿಸಿದವು. ಒಂದು, ಕ್ಲಾಸ್-ಡಿ ಎಂಬ ಬಗೆಯ, ಅಂಗೈಯಗಲದ ಆಂಪ್ಲಿಫೈಯರ್ ಪೆಟ್ಟಿಗೆ. ಒಳಗಿರುವುದು ಹೆಚ್ಚಾಗಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3116 ಚಿಪ್ಪು. ಈ ಜಾತಿಯನ್ನು ಅಗ್ಗದ ಆಡಿಯೋದಲ್ಲಿ ಹೆಸರಿಗೆ ತಂದದ್ದು 1998ರ ಟ್ರೈಪಾತ್ ಟಿಎ2020 ಚಿಪ್ಪು. ಕಂಪನಿ ಕಟ್ಟಿದವರು ಭಾರತ ಮೂಲದ ಆದ್ಯ ತ್ರಿಪಾಠಿ. ಎರಡು, ಗಲ್ಫಿನಿಂದಲೋ ಜಪಾನಿನಿಂದಲೋ ಬಂದ ಹಳೆಯ ರಿಸೀವರ್. ನೋಡಲು ರಾಜ, ಆದರೆ ಕೆಪಾಸಿಟರ್ ಒಣಗಿರುತ್ತದೆ, ವಾಲ್ಯೂಮ್ ತಿರುಗಿಸಿದರೆ ಕರಕರ ಎನ್ನುತ್ತದೆ, ಜಪಾನಿನವರಿಗೆಂದೇ ಮಾಡಿದ ಮಾಡೆಲ್ಲಾದರೆ 100 ವೋಲ್ಟಿನದು, ಬೇರೆ ಟ್ರಾನ್ಸ್‌ಫಾರ್ಮರ್ ಬೇಕು. ಮೂರು, ಹೊಸ ಸ್ಟೀರಿಯೊ ರಿಸೀವರ್. ಯಮಹಾ ಆರ್-ಎಸ್202 ಥರದ್ದು ಪಕ್ಕಾ 100 ವಾಟ್ ಕೊಡುತ್ತದೆ, ಆದರೆ ನನ್ನ ಜೇಬನ್ನು ದಾಟುತ್ತದೆ.

ಮೊದಲನೆಯದರಲ್ಲಿ ಒಂದೇ ಎಚ್ಚರ. ಪೆಟ್ಟಿಗೆಯ ಮೇಲೆ 100 ಎಂದು ಬರೆದು 12 ವೋಲ್ಟಿನ ಅಡಾಪ್ಟರ್ ಕೊಟ್ಟಿರುತ್ತಾರೆ. 12ರ ವರ್ಗ 144, ಅದನ್ನು 8 ಓಮಿನ ಎರಡರಷ್ಟರಿಂದ, ಅಂದರೆ 16ರಿಂದ ಭಾಗಿಸಿದರೆ ಒಂಬತ್ತು. ವಿರೂಪವಿಲ್ಲದೆ ಬರುವುದು ಹೆಚ್ಚೆಂದರೆ ಒಂಬತ್ತು ವಾಟ್. ಅದೇ ಪೆಟ್ಟಿಗೆಗೆ 24 ವೋಲ್ಟ್ ಕೊಟ್ಟರೆ 36. ನನ್ನ ಹುಟ್ಟೂರು ಕೋಲಾರದ ಚಿನ್ನದ ಗಣಿಗಳ ಕೆ.ಜಿ.ಎಫ್.; ಅಲ್ಲಿನ ರಾಬರ್ಟ್‌ಸನ್‌ಪೇಟೆಯಲ್ಲಿ ರೇಡಿಯೋ ಕಾಲದಿಂದ ರಿಪೇರಿ ಮಾಡಿಕೊಂಡಿರುವ ಹಿರಿಯರೊಬ್ಬರಿಗೆ ಆ ಡಬ್ಬ ತೋರಿಸಿದೆ. ತಿರುಗಿಸಿ ನೋಡಿ, "ನೂರು ವಾಟಾ? ಒಳಗೆ ಇನ್ನೊಂದು ಶಿವನಸಮುದ್ರ ಇಟ್ಟಿದ್ದಾರಾ ಸಾರ್?" ಎಂದರು. ಅವರು 4440 ಐ.ಸಿ.ಯಲ್ಲಿ ಊರಿಗೆಲ್ಲ ಆಂಪ್ಲಿಫೈಯರ್ ಕಟ್ಟಿಕೊಟ್ಟವರು. ಅದು ಎರಡು ಚಾನಲ್ಲಿಗೆ ಆರಾರು ವಾಟ್ ಕೊಡುವ ಚಿಪ್ಪು. ಅದನ್ನೇ ಇಟ್ಟುಕೊಂಡ ಪೆಟ್ಟಿಗೆಗಳ ಮೇಲೆ ಪಿ.ಎಂ.ಪಿ.ಒ. ಎಂಬ ಹೆಸರಿನಲ್ಲಿ ಸಾವಿರ ವಾಟ್ ಎಂದು ಬರೆದಿದ್ದನ್ನು ಅವರೂ ನೋಡಿದ್ದಾರೆ, ನಾನೂ ನೋಡಿದ್ದೇನೆ.

ಇಲ್ಲಿಗೆ ಲೆಕ್ಕ ಮುಗಿಯಿತು. 24 ವೋಲ್ಟಿನ, ಮೂರು ನಾಲ್ಕು ಆಂಪಿಯರಿನ ಒಳ್ಳೆಯ ಅಡಾಪ್ಟರು, ಒಂದು ಸಣ್ಣ ಕ್ಲಾಸ್-ಡಿ ಪೆಟ್ಟಿಗೆ. ಹತ್ತು ಸಾವಿರದಲ್ಲಿ ಚಿಲ್ಲರೆ ವಾಪಸು ಬರುತ್ತದೆ. 1978ರ ಎನ್.ಎ.ಡಿ. 3020 ಆಂಪ್ಲಿಫೈಯರ್, ಜಗತ್ತಿನಲ್ಲೆಲ್ಲ ಬಡವರ ಹೈ-ಫೈ ಎನ್ನಿಸಿಕೊಂಡದ್ದು, ಚಾನಲ್ಲಿಗೆ ಬರೀ 20 ವಾಟಿನದು. ಇದೆಲ್ಲ ಗೊತ್ತಿದ್ದೂ, ರಾತ್ರಿ ಮಲಗುವ ಮುನ್ನ ನಾನು ನೋಡುವುದು ನೂರು ವಾಟಿನ, ಬೆಳ್ಳಿ ಮುಖದ ರಿಸೀವರುಗಳ ಚಿತ್ರಗಳನ್ನೇ. ಅಷ್ಟೇಕೆ ಎಂದು ಕೇಳಿದವರಿಗೆ, ದಿಢೀರ್ ಏಟುಗಳಿಗೆ ಮಿಗುವ ಶಕ್ತಿ ಬೇಕು ಎಂಬರ್ಥದಲ್ಲಿ, "ಹೆಡ್‌ರೂಮ್ ಇರಬೇಕು" ಎನ್ನುತ್ತೇನೆ. ಆಫೀಸಿನ ಗೆಳೆಯ 2018ರ 'ಕೆ.ಜಿ.ಎಫ್.' ಸಿನಿಮಾ ಬಂದಾಗಿನಿಂದ ನಮ್ಮೂರೆಂದರೆ ಗುಡುಗುವ ಹಿನ್ನೆಲೆ ಸಂಗೀತ ಎಂದೇ ತಿಳಿದವನು. "ಕೆ.ಜಿ.ಎಫ್.ನೋನು ಇಪ್ಪತ್ ವಾಟ್ ತಗೋತೀಯೇನೋ?" ಎಂದು ರೇಗಿಸಿದ. ನಕ್ಕೆ, ಆದರೆ ತಾಗಿತು. ಹೆಂಡತಿ ರೇಗಿಸಲಿಲ್ಲ. ಒಂದೇ ಮಾತು ಕೇಳಿದಳು: "ಇದು ಯಾರಿಗೆ ಕೇಳಿಸ್ಬೇಕು ರೀ?"

ಆ ಮಾತಿಗೆ ಜವಾಬು ಹುಡುಕುತ್ತ ನಾನು ಹುಟ್ಟಿದ ಲೈನಿಗೆ, ಗಣಿ ಕಾರ್ಮಿಕರ ಸಾಲುಮನೆಗಳಿಗೆ, ಹೋಗಬೇಕಾಯಿತು. ಕೆ.ಜಿ.ಎಫ್.ನಲ್ಲಿ ಸದ್ದು ಎಂದರೆ ಎಲ್ಲರದೂ. ಶಿಫ್ಟಿನ ಸೈರನ್ ಚಾಂಪಿಯನ್ ರೀಫ್ ಗಣಿಯವರಿಗೂ ಒಂದೇ, ಅದರ ಅಕ್ಕಪಕ್ಕದವರಿಗೂ ಒಂದೇ ಆಗಿತ್ತು. ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಮನೆಮನೆಯಲ್ಲೂ ಅಟ್ಟದ ಪಾತ್ರೆಗಳು ಒಟ್ಟಿಗೆ ಅಲುಗುತ್ತಿದ್ದವು. ನನ್ನ ಮಟ್ಟಿಗೆ ಬಾಸ್ ಎಂದರೆ ಮೊದಲು ಅದೇ. ಕಿವಿಗಿಂತ ಮುಂಚೆ ಅಂಗಾಲಿಗೆ ಗೊತ್ತಾಗುವ ಸದ್ದು. ಆಮೇಲೆ ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು, ಯಾರ ಗಂಡ ಯಾವ ಶಾಫ್ಟಿನಲ್ಲಿದ್ದಾನೆ ಎಂದು ಮೆಲ್ಲಗೆ ಕೇಳಿಕೊಳ್ಳುತ್ತಿದ್ದರು. ರೇಡಿಯೋ ಇದ್ದ ಮನೆಯವರು ಅದನ್ನು ಜೋರಾಗಿ ಇಡುವುದೇ ಮರ್ಯಾದೆ. ಮೆಲ್ಲಗೆ ಇಟ್ಟುಕೊಂಡವನು ಜಿಪುಣ, ಇಲ್ಲವೇ ಅಹಂಕಾರಿ. ತಮಿಳು ಹಾಡಿಗೆ ಕನ್ನಡದ ಮನೆ, ಕನ್ನಡ ಹಾಡಿಗೆ ತೆಲುಗಿನ ಮನೆ ತಲೆಯಾಡಿಸುತ್ತಿತ್ತು. ಗೋಡೆಗಳು ತೆಳ್ಳಗಿದ್ದದ್ದು ಬಡತನದಿಂದ. ಆದರೆ ಹಾಡು ದಾಟಿದ್ದು ಅದರಿಂದಲೇ. ಹಾಗಾಗಿ ನೂರು ವಾಟ್ ಬೇಕೆನ್ನುವಾಗ ನನ್ನೊಳಗೆ ಮಾತಾಡುವುದು ಬರೀ ಜಂಬ ಎಂದು ಒಪ್ಪಲಾರೆ. ಹತ್ತು ಮನೆಗೆ ಕೇಳಿಸಲಿ ಎನ್ನುವ ಹಳೆಯ ಔದಾರ್ಯವೂ ಅದರಲ್ಲಿದೆ.

ಆದರೆ ನನಗೆ ಬೇಕಿರುವುದು ಸ್ಟೀರಿಯೊ. ಅದು ಲೈನಿನಿಂದ ಬಂದ ಆಸೆಯಲ್ಲ.

ಅಪ್ಪ ಮೈನ್ಸಿನ ಎಲೆಕ್ಟ್ರಿಕಲ್ ಡಿಪಾರ್ಟ್‌ಮೆಂಟಿನಲ್ಲಿದ್ದರು. ಶಿವನಸಮುದ್ರದ ಕರೆಂಟು 1902ರಲ್ಲೇ 147 ಕಿಲೋಮೀಟರ್ ತಂತಿಯ ಮೇಲೆ ನಮ್ಮೂರಿಗೆ ಬಂತು, ಬೆಂಗಳೂರು 1905ರವರೆಗೆ ಕಾಯಬೇಕಾಯಿತು ಎಂದು ಹೇಳುವಾಗ ಅವರ ಎದೆ ಉಬ್ಬುತ್ತಿತ್ತು. ಅಂಥ ಕರೆಂಟಿನಲ್ಲಿ ನಮ್ಮ ಪಾಲಿಗಿದ್ದದ್ದು ಒಂದು ಬಲ್ಬು, ಒಂದು ರೇಡಿಯೋ. ರಜೆಯಲ್ಲಿ ಒಮ್ಮೊಮ್ಮೆ ಅವರ ಜೊತೆ ಆಫೀಸರುಗಳ ಬಂಗಲೆಗೆ ಹೋಗುತ್ತಿದ್ದೆ. ಫ್ಯಾನು, ಫ್ಯೂಸು ಅವರ ಕೆಲಸ. ಹೊರಗೆ ಜಗಲಿಯ ಮೇಲೆ ಕೂರುವುದು ನನ್ನದು. ಒಂದು ಬಂಗಲೆಯ ಹಾಲಿನಲ್ಲಿ ಎರಡು ಮೂಲೆಗೆ ಎರಡು ಪೆಟ್ಟಿಗೆ, ನಡುವೆ ಬೆಳ್ಳಿ ಬಣ್ಣದ ಆಂಪ್ಲಿಫೈಯರು, ಅದರ ಮುಖದಲ್ಲಿ ಕುಣಿಯುವ ಎರಡು ಮುಳ್ಳು. ಎದುರಿಗೆ ಒಂದೇ ಕುರ್ಚಿ. 'ಪ್ರಿಯಾ' ಚಿತ್ರದ ಹಾಡು ಹಾಕಿದ್ದರು. 1978ರಲ್ಲಿ ಇಳಯರಾಜಾ ಸ್ಟೀರಿಯೊದಲ್ಲಿ ಮುದ್ರಿಸಿ ಹೆಸರಾದ ಹಾಡುಗಳವು. ಸಾಹೇಬರು ಯಾವ ಲಹರಿಯಲ್ಲಿದ್ದರೋ, ನನ್ನನ್ನು ಕರೆದು ಆ ಕುರ್ಚಿಯಲ್ಲಿ ಕೂರಿಸಿದರು. ದನಿ ಎರಡು ಪೆಟ್ಟಿಗೆಯಿಂದಲೂ ಬರುತ್ತಿರಲಿಲ್ಲ. ನಡುವಿನ ಖಾಲಿ ಗೋಡೆಯಿಂದ ಬರುತ್ತಿತ್ತು.

ಅದರ ಗುಟ್ಟು ಈಗ ಗೊತ್ತು. ಎರಡು ಪೆಟ್ಟಿಗೆಯಿಂದ ಒಂದೇ ದನಿ ಸಮನಾಗಿ, ಏಕಕಾಲಕ್ಕೆ ಎರಡು ಕಿವಿಗೆ ಮುಟ್ಟಿದರೆ ಮಿದುಳು ಅದನ್ನು ನಟ್ಟನಡುವೆ ಕೂರಿಸುತ್ತದೆ. ಅಲನ್ ಬ್ಲಮ್ಲೈನ್ ಎಂಬ ಇಂಜಿನಿಯರು ಲಂಡನ್ನಿನಲ್ಲಿ ಈ ವಿದ್ಯೆಗೆ ಪೇಟೆಂಟ್ ಕೇಳಿದ್ದು 1931ರಲ್ಲಿ. ನಮ್ಮ ಗಣಿಗಳನ್ನು ಜಾನ್ ಟೇಲರ್ ಕಂಪನಿಯವರು ಅದೇ ಲಂಡನ್ನಿನಿಂದ ನಡೆಸುತ್ತಿದ್ದ ಕಾಲ ಅದು. ಕುರ್ಚಿ ಒಂದಡಿ ಪಕ್ಕಕ್ಕೆ ಸರಿದರೂ ಹಾಡುಗಾರ ಹತ್ತಿರದ ಪೆಟ್ಟಿಗೆಯ ಕಡೆ ವಾಲುತ್ತಾನೆ. ಸ್ಟೀರಿಯೊ ಪೂರ್ತಿ ದಕ್ಕುವುದು ನಡುವೆ ಕೂತ ಒಬ್ಬನಿಗೆ. ಅವನಿಗೊಂದು ಕೋಣೆ ಬೇಕು, ಕೋಣೆಯಲ್ಲಿ ಮೌನ ಬೇಕು, ಯಾರೂ ಕರೆಯದ ಒಂದು ಗಂಟೆ ಬೇಕು. ಹತ್ತಡಿ ಅಗಲದಲ್ಲಿ ಅಡುಗೆ, ಊಟ, ನಿದ್ದೆ ಎಲ್ಲ ನಡೆಯುತ್ತಿದ್ದ ನಮ್ಮ ಮನೆಯಲ್ಲಿ ಇವು ಮೂರೂ ಇರಲಿಲ್ಲ.

ಹೀಗೆ ಬಿಡಿಸಿಟ್ಟು ನೋಡಿದರೆ ನನ್ನ ಹುಡುಕಾಟ ಯಾಕೆ ಮುಗಿಯುತ್ತಿಲ್ಲ ಎಂದು ತಿಳಿಯುತ್ತದೆ. ವಾಟ್ ಲೈನಿನ ಆಸೆ, ಸ್ಟೀರಿಯೊ ಬಂಗಲೆಯ ಆಸೆ. ಒಂದು ಎಲ್ಲರಿಗೂ ಕೇಳಿಸು ಎನ್ನುತ್ತದೆ, ಇನ್ನೊಂದು ನೀನೊಬ್ಬನೇ ಕೇಳು ಎನ್ನುತ್ತದೆ. ಎರಡನ್ನೂ ತಣಿಸುವ ಆಂಪ್ಲಿಫೈಯರನ್ನು ಯಾವ ಕಂಪನಿಯೂ ಮಾಡಿಲ್ಲ, ಎಷ್ಟು ದುಡ್ಡು ಸುರಿದರೂ ಸಿಗುವುದಿಲ್ಲ.

ಇನ್ನೂ ಸ್ವಲ್ಪ ಕೆದಕಬೇಕು. ಬಂಗಲೆಯ ಆಸೆಗೆ ನಾನು ಅಪ್ಪನ ಹೆಸರು ಹಚ್ಚಿಕೊಂಡಿದ್ದೆ: ಅವರಿಗೆ ಸಿಗದ್ದು ನನಗಾದರೂ ಸಿಗಲಿ ಎಂದು. ಆದರೆ ಅಪ್ಪನಿಗೆ ಅದು ಬೇಕಿತ್ತು ಎನ್ನುವುದಕ್ಕೆ ನನ್ನಲ್ಲಿ ಸಾಕ್ಷಿಯೇ ಇಲ್ಲ. ಆವತ್ತು ಬಂಗಲೆಯಿಂದ ಬರುವಾಗ ಅವರು ಮಾತಾಡಿದ್ದು ಅಲ್ಲಿನ ವೈರಿಂಗ್ ಹಳೆಯದಾಗಿದೆ ಎಂದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೂ ಸಂಜೆ ಬಾಗಿಲು ತೆರೆದಿಟ್ಟು ರೇಡಿಯೋ ಹಚ್ಚುತ್ತಿದ್ದರು. ಕುರ್ಚಿಗೆ ಆಸೆಪಟ್ಟವನು ನಾನು. ಆಗ ನನಗೆ ಖುಷಿ ಕೊಟ್ಟದ್ದು ಹಾಡೊಂದೇ ಅಲ್ಲ; ಜಗಲಿಯಿಂದ ಒಳಗೆ ಕರೆಸಿಕೊಂಡದ್ದೂ ಹೌದು. ಜೊತೆಗೆ, ಅಪ್ಪ ನಿಂತೇ ಇದ್ದರು ಎನ್ನುವುದು ಆಗ ಗಮನಕ್ಕೆ ಬರಲೇ ಇಲ್ಲ.

ಬಂಗಾರಪೇಟೆಯ ಈ ಬೀದಿಯಲ್ಲಿ ನಾನು ಜೋರಾಗಿ ಹಾಡು ಹಾಕಿದರೆ ಯಾರೂ ಔದಾರ್ಯ ಎನ್ನುವುದಿಲ್ಲ. ಪಕ್ಕದ ಮನೆಯ ಹುಡುಗಿ ಪಿ.ಯು. ಪರೀಕ್ಷೆಗೆ ಓದುತ್ತಿದ್ದಾಳೆ, ಎದುರು ಮನೆಯವರು ಬೆಳಗಿನ ರೈಲಿಗೆ ಕತ್ತಲಲ್ಲೇ ಎದ್ದು ಬೆಂಗಳೂರಿಗೆ ಹೋಗುವವರು. ಇಲ್ಲಿನ ಔದಾರ್ಯವೆಂದರೆ ವಾಲ್ಯೂಮ್ ತಗ್ಗಿಸುವುದೇ. ಮೇನ್ ಲೈನಿನಲ್ಲಿ ಗೂಡ್ಸ್ ರೈಲು ಹೋಗುವಾಗ ಹಾಡಿನ ಮೆಲ್ಲನೆಯ ಭಾಗ ಮುಳುಗುತ್ತದೆ. ಮುಳುಗಲಿ, ಅದನ್ನು ಗೆಲ್ಲಲು ವಾಟ್ ತರಬೇಕಿಲ್ಲ. ಸಣ್ಣ ಪೆಟ್ಟಿಗೆಯೇ ಸಾಕು ಎಂದು ಹೇಳಿಬಿಟ್ಟಿದ್ದೇನೆ, 24 ವೋಲ್ಟಿನ ಅಡಾಪ್ಟರಿನ ಸಮೇತ. ಸ್ಪೀಕರುಗಳನ್ನು ಕಿವಿಯ ಎತ್ತರಕ್ಕೆ ಇಟ್ಟು, ಹಿಂದಿನ ಗೋಡೆಯಿಂದ ಒಂದು ಗೇಣು ಮುಂದಕ್ಕೆ ತಂದು, ಕುರ್ಚಿಯ ಕಡೆ ತುಸು ತಿರುಗಿಸಿದರೆ ಸಿಗುವ ಲಾಭ ನೂರು ವಾಟಿನಿಂದ ಸಿಗದು. ಅದಕ್ಕೆ ದುಡ್ಡೂ ಬೇಡ.

ಬೆಳ್ಳಿ ಮುಖದ, ಮುಳ್ಳು ಕುಣಿಯುವ ರಿಸೀವರಿನ ಆಸೆ ಇದರಿಂದ ಹೋಗಿಲ್ಲ. ಹೋಗಬೇಕೆಂದೂ ನನಗನ್ನಿಸುವುದಿಲ್ಲ, ಜಗಲಿಯ ಮೇಲೆ ಕೂತವನಿಗೆ ಒಳಗಿನ ಕುರ್ಚಿ ಬೇಕೆನಿಸುವುದು ನ್ಯಾಯವೇ. ಮುಂದೆಂದಾದರೂ ದುಡ್ಡು ಕೂಡಿ ಅದನ್ನು ತಂದರೆ, ಯಾರಿಗೆ ಕೇಳಿಸಬೇಕು ಎಂದು ಹೆಂಡತಿ ಮತ್ತೆ ಕೇಳುತ್ತಾಳೆ. ಆಗ ಹೆಡ್‌ರೂಮ್ ಎನ್ನುವುದಿಲ್ಲ. ಇದು ಬಂಗಲೆ, ಕಂತಿನಲ್ಲಿ ಕೊಂಡೆ ಎನ್ನುತ್ತೇನೆ.