ಸಂಪಿನ ನೀರಿಗೆ ಎಷ್ಟು ಕ್ಲೋರಿನ್?

ಈಜುಕೊಳದ ಹತ್ತಿರ ಹೋದಾಗ ಮೂಗಿಗೆ ಬಡಿಯುವ ಘಾಟು ವಾಸನೆಯನ್ನು ನೀವು ಗಮನಿಸಿದ್ದೀರಾ? ಈಜುಕೊಳ ನೋಡದಿದ್ದರೂ ಚಿಂತೆಯಿಲ್ಲ. ಬಾವಿಗೋ ಟ್ಯಾಂಕಿಗೋ ಬ್ಲೀಚಿಂಗ್ ಪುಡಿ ಹಾಕಿದ ದಿನ ನಿಮ್ಮ ಊರಿನ ನೀರಿಗೂ ಹೆಚ್ಚುಕಡಿಮೆ ಅಂಥದೇ ವಾಸನೆ ಇರುತ್ತದೆ. ಎರಡರ ಹಿಂದೆಯೂ ಇರುವುದು ಕ್ಲೋರಿನ್. ನೀರಿನಲ್ಲಿರುವ ರೋಗಾಣುಗಳನ್ನು ಕೊಲ್ಲಲು ಅದನ್ನು ಬಳಸುತ್ತಾರೆ. ಆದರೆ ಎಷ್ಟು ಹಾಕಬೇಕು? ಒಂದು ಮಳೆಗಾಲದಲ್ಲಿ ಈ ಪ್ರಶ್ನೆ ನಮ್ಮ ಮನೆಗೇ ಬಂತು.

ನಾನಿರುವುದು ಬೆಂಗಳೂರಿನ ನಂದಿನಿ ಲೇಔಟ್‌ನಲ್ಲಿ. ಇಲ್ಲಿ ಮನೆಯಲ್ಲಿ ಈಜುಕೊಳ ಇರುವವರು ಅಪರೂಪ. ಆದರೆ ನೆಲದಡಿಯಲ್ಲಿ ನೀರು ಕೂಡಿಡುವ ಸಂಪು ಸಾಮಾನ್ಯ. ನಮ್ಮ ಸಂಪಿನಲ್ಲಿ 5,000 ಲೀಟರ್ ನೀರು ಹಿಡಿಯುತ್ತದೆ. ನಲ್ಲಿಯಲ್ಲಿ ಬರುವುದು ಕಾವೇರಿ ನೀರು. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿದ ಈ ನೀರನ್ನು ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ನಗರಕ್ಕೆ ತರುತ್ತಾರೆ. ಈ ಯೋಜನೆಯ ಮೊದಲ ಹಂತದ ನೀರು ಬಂದದ್ದು 1974ರಲ್ಲಿ. ದಾರಿಯಲ್ಲಿ ರೋಗಾಣು ಸೇರಿದರೂ ಸಾಯಲಿ ಎಂದು ನೀರಿನಲ್ಲಿ ಸ್ವಲ್ಪ ಕ್ಲೋರಿನ್ ಉಳಿಸಿರುತ್ತಾರೆ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕೆಂಬುದು ನಮ್ಮ ದೇಶದ ಮಾನಕ. ಇದೇ ‘ಉಳಿಕೆ ಕ್ಲೋರಿನ್’, ನೀರಿನ ಕಾವಲುಗಾರ.

ಆ ಮಳೆಗಾಲದಲ್ಲಿ ಒಂದು ರಾತ್ರಿ ಜೋರು ಮಳೆ ಸುರಿದು, ರಸ್ತೆಯ ಕೆಸರು ನೀರು ಮುಚ್ಚಳದ ಸಂದಿನಿಂದ ಸಂಪಿನೊಳಗೆ ಇಳಿಯಿತು. ಮನೆಯಲ್ಲಿ ಎರಡು ವರ್ಷದ ಮೊಮ್ಮಗಳಿದ್ದಳು. ಕೆಟ್ಟ ನೀರಿನಿಂದ ವಾಂತಿಭೇದಿಯಾದರೆ ಪುಟ್ಟ ಮಕ್ಕಳ ಮೈಯ ನೀರಿನಂಶ ಬಹಳ ಬೇಗ ಕಡಿಮೆಯಾಗಿ ಜೀವಕ್ಕೇ ಅಪಾಯವಾಗಬಹುದು. ಪಕ್ಕದ ಮನೆಯವರು, “ಎರಡು ಹಿಡಿ ಬ್ಲೀಚಿಂಗ್ ಪುಡಿ ಹಾಕಿಬಿಡಿ ಸಾರ್, ಎಲ್ಲಾ ಸರಿಹೋಗುತ್ತೆ” ಎಂದರು.

ನಾವು ಮೊದಲು ಲೆಕ್ಕ ಮಾಡಿದೆವು. ನೀವೂ ಮಾಡಿ. 1,000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಸಾಕು. ಅದರಿಂದ ಲೀಟರಿಗೆ ಸುಮಾರು 0.7 ಮಿಲಿಗ್ರಾಂ ಕ್ಲೋರಿನ್ ಸಿಗುತ್ತದೆ. ಹಾಗಾದರೆ 5,000 ಲೀಟರಿಗೆ? ಹನ್ನೆರಡೂವರೆ ಗ್ರಾಂ. ಎರಡು ಹಿಡಿ ಎಂದರೆ ಸುಮಾರು 150 ಗ್ರಾಂ ಆದೀತು, ಹನ್ನೆರಡು ಪಟ್ಟು! ಆಗ ಲೀಟರಿಗೆ 8 ಮಿಲಿಗ್ರಾಂಗಿಂತ ಹೆಚ್ಚು ಕ್ಲೋರಿನ್ ಸೇರುತ್ತದೆ. ಕುಡಿಯುವ ನೀರಿನಲ್ಲಿ 5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಮೊದಲು ಕೆಸರು ನೀರನ್ನು ಖಾಲಿ ಮಾಡಿಸಿ, ಸಂಪನ್ನು ತೊಳೆಸಿ, ಹೊಸ ನೀರು ತುಂಬಿಸಿದೆವು. ನಂತರ ಪುಡಿಯನ್ನು ತೂಗಿ, ಬಕೆಟ್ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸಂಪಿಗೆ ಸುರಿದೆವು. ಒಂದು ಗಂಟೆ ಬಿಟ್ಟು, ಸ್ವಲ್ಪ ನೀರನ್ನು ಗಾಜಿನ ನಳಿಕೆಗೆ ತೆಗೆದುಕೊಂಡು ಆರ್ಥೋಟಾಲಿಡಿನ್ ಎಂಬ ಪರೀಕ್ಷಾ ದ್ರವದ ಹನಿ ಹಾಕಿದೆ. ಕ್ಲೋರಿನ್ ಇದ್ದರೆ ನೀರು ಹಳದಿಯಾಗಬೇಕು. ಬಣ್ಣವೇ ಬರಲಿಲ್ಲ!

ಕ್ಲೋರಿನ್ ಎಲ್ಲಿ ಹೋಯಿತು? ಗೋಡೆ ಮೂಲೆಗಳಲ್ಲಿ ಉಳಿದಿದ್ದ ಕೊಳೆ ಅದನ್ನು ಬಳಸಿಕೊಂಡಿತ್ತು. ಕ್ಲೋರಿನ್ನಿಗೆ ರೋಗಾಣು, ಕೊಳೆ ಎಂಬ ಭೇದವಿಲ್ಲ, ಸಿಕ್ಕಿದ್ದರ ಜೊತೆಗೆಲ್ಲ ವರ್ತಿಸುತ್ತದೆ. ಇನ್ನೊಮ್ಮೆ ಅಷ್ಟೇ ಪುಡಿಯ ತಿಳಿ ಹಾಕಿ, ಮತ್ತೆ ಒಂದು ಗಂಟೆ ಕಾದು ನೋಡಿದೆವು. ಈ ಸಲ ತೆಳು ಹಳದಿ ಬಣ್ಣ ಕಾಣಿಸಿತು. ಕಾವಲುಗಾರ ಬಂದಿದ್ದ! ಆದರೂ ಕುಡಿಯುವ ನೀರನ್ನು ಕುದಿಸಿಯೇ ಬಳಸಿದೆವು. ಮೊಮ್ಮಗಳು ಆರೋಗ್ಯವಾಗಿಯೇ ಇದ್ದಳು.

ಕ್ಲೋರಿನ್ ಇದ್ದರಷ್ಟೇ ಸಾಲದು, ಅದು ಯಾವ ರೂಪದಲ್ಲಿದೆ ಎಂಬುದೂ ಮುಖ್ಯ. ನೀರು ಆಮ್ಲೀಯವೋ ಪ್ರತ್ಯಾಮ್ಲೀಯವೋ ಎಂದು ಹೇಳುವ ಅಳತೆ ಪಿಎಚ್. ಇದನ್ನು 1909ರಲ್ಲಿ ಬಳಕೆಗೆ ತಂದವರು ಡೆನ್ಮಾರ್ಕಿನ ಸೋರೆನ್ಸನ್. ಪಿಎಚ್ 7 ಇದ್ದರೆ ತಟಸ್ಥ, ಕಡಿಮೆಯಿದ್ದರೆ ಆಮ್ಲ, ಹೆಚ್ಚಿದ್ದರೆ ಪ್ರತ್ಯಾಮ್ಲ. ಕ್ಲೋರಿನ್ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಹೈಪೋಕ್ಲೋರಸ್ ಆಮ್ಲ ರೋಗಾಣುವಿನೊಳಗೆ ಸುಲಭವಾಗಿ ನುಗ್ಗುತ್ತದೆ. ಹೈಪೋಕ್ಲೋರೈಟ್ ಅಯಾನು ಅಷ್ಟು ಚುರುಕಲ್ಲ. ಪಿಎಚ್ 7.5ರ ಸುಮಾರಿಗೆ ಇವೆರಡೂ ಅರ್ಧರ್ಧ. ಪಿಎಚ್ 8.5 ಆದರೆ ಚುರುಕಿನ ರೂಪ ಹತ್ತರಲ್ಲಿ ಒಂದು ಪಾಲಿನಷ್ಟೇ. ಬ್ಲೀಚಿಂಗ್ ಪುಡಿಯಲ್ಲಿ ಸುಣ್ಣವೂ ಇರುವುದರಿಂದ ಅದು ಪ್ರತ್ಯಾಮ್ಲೀಯ. ಸುರಿದಷ್ಟೂ ಪಿಎಚ್ ಏರುತ್ತದೆ, ಕ್ಲೋರಿನ್ನಿನ ಚುರುಕು ಇಳಿಯುತ್ತದೆ!

ಈಜುಕೊಳ ನೋಡಿಕೊಳ್ಳುವವರ ಲೆಕ್ಕವೂ ಇದೇ. ಅವರು ಪಿಎಚ್ ಅನ್ನು 7.2ರಿಂದ 7.8ರ ಒಳಗೆ ಇಡುತ್ತಾರೆ. ಅದಕ್ಕಿಂತ ಇಳಿದರೆ ನೀರು ಲೋಹದ ಕೊಳವೆಗಳನ್ನು ಕೊರೆಯುತ್ತದೆ, ಏರಿದರೆ ಬಿಳಿ ಹೊರಪು ಕಟ್ಟುತ್ತದೆ. ಇನ್ನು ಆ ಘಾಟು ವಾಸನೆ? ಈಜುವವರ ಬೆವರು, ಮೂತ್ರಗಳ ಜೊತೆ ಕ್ಲೋರಿನ್ ಸೇರಿ ಆಗುವ ಕ್ಲೋರಮೀನುಗಳೇ ಅದಕ್ಕೆ ಮುಖ್ಯ ಕಾರಣ. ಕಣ್ಣು ಉರಿಯುವುದೂ ಹೆಚ್ಚಾಗಿ ಅವುಗಳಿಂದಲೇ. ಹಾಗಾಗಿ ವಾಸನೆ ಜೋರಾಗಿದ್ದರೆ ನೀರು ಸ್ವಚ್ಛ ಎಂದು ತಿಳಿಯಬೇಡಿ. ಈಜುವ ಮುನ್ನ ಮೈ ತೊಳೆದುಕೊಳ್ಳಲು ಹೇಳುವುದು ಇದಕ್ಕೇ.

ಎಚ್ಚರಿಕೆ: ಬ್ಲೀಚಿಂಗ್ ಪುಡಿಯನ್ನು ನೀವು ಮುಟ್ಟಬೇಡಿ. ಅದಕ್ಕೆ ಶೌಚಾಲಯ ತೊಳೆಯುವ ಆಸಿಡ್ ತಾಗಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಸಂಪಿನೊಳಗೆ ಇಳಿಯುವುದಂತೂ ಬೇಡವೇ ಬೇಡ. ಅಲ್ಲಿ ಉಸಿರಾಡಲು ಸಾಕಷ್ಟು ಆಮ್ಲಜನಕ ಇಲ್ಲದಿರಬಹುದು.

ಮಾಡಿ ನೋಡಿ: ನಿಮ್ಮ ಶಾಲೆಯ ನೀರಿನ ತೊಟ್ಟಿಯ ಉದ್ದ, ಅಗಲ, ಎತ್ತರಗಳನ್ನು ಶಿಕ್ಷಕರ ಜೊತೆ ಮೀಟರಿನಲ್ಲಿ ಅಳೆಯಿರಿ. ಮೂರನ್ನೂ ಗುಣಿಸಿ, ಮತ್ತೆ 1,000ದಿಂದ ಗುಣಿಸಿದರೆ ಲೀಟರುಗಳು ಸಿಗುತ್ತವೆ. ಅದಕ್ಕೆ ಎಷ್ಟು ಗ್ರಾಂ ಪುಡಿ ಬೇಕು? ಲೆಕ್ಕ ಮಾಡಿ ಶಿಕ್ಷಕರಿಗೆ ತೋರಿಸಿ. ಹಾಗೆಯೇ ಕೆಂಪು ದಾಸವಾಳದ ಎಸಳುಗಳನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ ಸೋಸಿಕೊಳ್ಳಿ. ಒಂದು ಲೋಟದಲ್ಲಿ ನಿಂಬೆರಸ, ಇನ್ನೊಂದರಲ್ಲಿ ಸೋಪಿನ ನೀರು, ಮತ್ತೊಂದರಲ್ಲಿ ನಿಮ್ಮ ನಲ್ಲಿಯ ನೀರು ಇಟ್ಟು, ಒಂದೊಂದಕ್ಕೂ ಆ ರಸವನ್ನು ಹಾಕಿ. ಆಮ್ಲದಲ್ಲಿ ಅದು ಗಾಢ ಗುಲಾಬಿ, ಪ್ರತ್ಯಾಮ್ಲದಲ್ಲಿ ಹಸಿರು. ನಿಮ್ಮ ನಲ್ಲಿಯ ನೀರು ಯಾವುದಕ್ಕೆ ಹತ್ತಿರ?